ಮಟ್ಟೆಗುಡ್ಡೆಯ ಉಣ್ಣೆ

ಬೋರಯ್ಯ ಆ ಮಾತು ಕೊಟ್ಟಾಗ ಅವನ ತೆಂಗಿನ ತೋಟಕ್ಕೆ ನುಸಿ ಹತ್ತಿತ್ತು. ಕಾಯಿ ಮುಷ್ಟಿಗಾತ್ರಕ್ಕೆ ಬರುವುದರೊಳಗೆ ಮೈಯೆಲ್ಲ ಕಂದಾಗಿ ಬಿರುಕು ಬಿಟ್ಟು ಉದುರಿಹೋಗುತ್ತಿತ್ತು. ಹೊನ್ನವಳ್ಳಿ ಸುತ್ತಮುತ್ತ ಎಷ್ಟೋ ಜನ ಮರ ಕಡಿಸಿ ಇಟ್ಟಿಗೆಗೂಡಿಗೆ ಹೇರುವ ಮಾತಾಡುತ್ತಿದ್ದ ಕಾಲ ಅದು. ಆಗ ಹುಳಿಯಾರು ಕಡೆಯ ಗೊಲ್ಲರ ಹಟ್ಟಿಯಿಂದ ಕುರಿ ಹೊಡೆದುಕೊಂಡು ಬಂದ ಚಿತ್ತಣ್ಣ, ಬೋರಯ್ಯನ ತೋಟದಲ್ಲಿ ಸುತ್ತ ಬಲೆ ಕಟ್ಟಿ ಕುರಿ ಕೂಡುವ ರೊಪ್ಪ ಹಾಕಿದ. ಇವತ್ತು ಈ ಸಾಲು, ನಾಳಿದ್ದು ಆ ಸಾಲು ಎಂದು ರೊಪ್ಪದ ಬಲೆ ಸರಿಸುತ್ತಾ ಬೇಸಿಗೆಯಿಡೀ ಮಂದೆಯನ್ನು ಮರದ ಬುಡದಲ್ಲೇ ಮಲಗಿಸಿದ. ಹಿಕ್ಕೆ, ಗಂಜಲ ಎಲ್ಲ ಮಣ್ಣಿಗೆ ಇಳಿಯಿತು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸೋತ ಮರಗಳು ಹೊಸ ಗರಿ ಬಿಚ್ಚಿದವು, ಗೊನೆ ತುಂಬಿತು.

ಬೋರಯ್ಯ ಚಿತ್ತಣ್ಣನ ಕೈಮೇಲೆ ಕೈಯಿಟ್ಟು, "ಈ ತೋಟದಾಗೆ ಒಂದು ಮರ ನಿಂತಿರೋಗಂಟ ನಿನ್ನ ಮಂದೆ ಇಲ್ಲೇ ಮಲೀಕಳ್ಳಿ ಕಣಪ್ಪ. ನಾನಿರ್ಲಿ, ನಾನು ಹೋಗ್ಲಿ. ನನ್ ಮಗ ಇರ್ತಾನಲ್ಲ," ಎಂದ.

ಮಗ ದಯಾನಂದ್ ಆಗ ಚಡ್ಡಿ ಹಾಕುವ ಹುಡುಗ. ಪಂಪ್‌ಹೌಸಿನ ಕಟ್ಟೆ ಮೇಲೆ ಕೂತು ಎಳನೀರಿನ ಗಂಜಿ ಕೆರೆದು ತಿನ್ನುತ್ತಿದ್ದ. ಮಾತು ಕಿವಿಗೆ ಬಿದ್ದಿತ್ತು ಅಂತ ಬೇಕಾದರೆ ಹೇಳಬಹುದು.

ಈಗ ಬೋರಯ್ಯನೂ ಇಲ್ಲ, ಚಿತ್ತಣ್ಣನೂ ಇಲ್ಲ. ತೋಟ ದಯಾನಂದನ ಕೈಗೆ ಬಂತು. ಮಂದೆ ಚಿತ್ತಣ್ಣನ ಮಗ ಓಬಳೇಶನ ಪಾಲಾಯಿತು. ಓಬಳೇಶನ ಜೊತೆ ಅವನ ತಾಯಿ ಕಾಟಮ್ಮ, ಹೆಂಡತಿ ಕೋಮಲಾ. ವರ್ಷವರ್ಷವೂ ರಾಗಿ ಕೊಯ್ಲು ಮುಗಿಯುತ್ತಿದ್ದ ಹಾಗೆ ಈ ಮೂವರೂ ಕುರಿ ಹೊಡೆದುಕೊಂಡು ಹೊನ್ನವಳ್ಳಿ ದಾರಿ ಹಿಡಿಯುತ್ತಿದ್ದರು. ಕೋಮಲಾಳ ಮಕ್ಕಳಿಬ್ಬರೂ ಹಟ್ಟಿಯಲ್ಲಿ ಅವಳ ತಾಯಿಯ ಹತ್ತಿರ ಇದ್ದು ಶಾಲೆಗೆ ಹೋಗುತ್ತಿದ್ದವು. ಅವುಗಳ ಪುಸ್ತಕ, ಬಟ್ಟೆ, ಒಂದು ಜ್ವರ ನೆಗಡಿ, ಎಲ್ಲಕ್ಕೂ ಈ ಕುರಿಯೇ ದಿಕ್ಕು.

ಈ ವರ್ಷ ದಯಾನಂದ್ ಗೇಟು ತೆಗೆಯುವಾಗಲೇ ರಾಗ ಎಳೆದಿದ್ದ. "ಕುರಿ ಕಾಲಿಗೆ ಸಿಕ್ಕಿ ಡ್ರಿಪ್ ಪೈಪೆಲ್ಲ ಕಿತ್ತೋಯ್ತದೆ ಕಣ್ಲಾ ಓಬ್ಳೇಶ. ಲಾರಿ ಗೊಬ್ಬರ ಹೊಡಿಸ್ಕಂಡ್ರೆ ಈ ತಾಪತ್ರಯವೇ ಇರಲ್ಲ. ಇರ್ಲಿ, ಈ ಸಲ ಮಲಗ್ಸು. ಮುಂದೆ ನೋಡಾನ."

'ಮುಂದೆ ನೋಡಾನ' ಎಂಬುದು ಕೋಮಲಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಸುತ್ತಲಿನ ತೋಟಗಳಿಗೆಲ್ಲ ತಂತಿಬೇಲಿ ಬಿದ್ದಿತ್ತು. ರಸ್ತೆ ಬದಿಯ ತೋಟಗಳು ಸೈಟಾಗಿದ್ದವು. ಓಬಳೇಶ ಬಾಯಿಬಿಟ್ಟೇ ಹೇಳಿದ್ದ: "ಇದೊಂದು ಜಾಗ ಹೋದ್ರೆ ಕುರಿ ಮಾರೋದೇ ಕಣೇ. ಎಲ್ಲಿ ಅಂತ ಮಲಗ್ಸನ?" ದಯಾನಂದನಿಗೆ ಬೇಕಾಗಿದ್ದು ಒಂದು ನೆಪ. ಆ ನೆಪ ತಮ್ಮ ಕಡೆಯಿಂದ ಸಿಗದಿರಲಿ ಎಂದು ಕೋಮಲಾ ಪೈಪಿನ ಮೇಲೆ ಕಾಲಿಟ್ಟ ಟಗರನ್ನು ಮಗುವನ್ನು ಗದರುವ ಹಾಗೆ ಗದರಿಕೊಂಡು ಓಡಾಡುತ್ತಿದ್ದಳು.

ಸಂಜೆ ಕುರಿ ರೊಪ್ಪಕ್ಕೆ ಕೂಡಿದ ಮೇಲೆ ಅತ್ತೆ ಸೊಸೆಗೆ ಇನ್ನೊಂದು ಕೆಲಸವಿತ್ತು. ಕುರಿಗಳ ಕಿವಿಯೊಳಗೆ, ಕಂಕುಳಲ್ಲಿ, ಬಾಲದ ಬುಡದಲ್ಲಿ ಉಣ್ಣೆಹುಳ ಕಚ್ಚಿಕೊಂಡಿರುತ್ತವೆ. ಕೆಲವು ಎಳ್ಳಿನಷ್ಟು, ಕೆಲವು ರಕ್ತ ಕುಡಿದು ಹೆಸರುಕಾಳಿನ ಗಾತ್ರ. ಒಂದೊಂದನ್ನೂ ಹುಡುಕಿ ಕೀಳಬೇಕು. ಕಿತ್ತದ್ದನ್ನು ಅಲ್ಲೇ ಕಲ್ಲ ಮೇಲೆ ಹೊಸಕಿಬಿಟ್ಟರೆ ಮುಗಿಯಿತಲ್ಲ ಎಂದು ಬೇರೆಯವರು ಅನ್ನಬಹುದು. ಕಾಟಮ್ಮನ ಮುಂದೆ ಅದು ನಡೆಯುತ್ತಿರಲಿಲ್ಲ. ರೊಪ್ಪದೊಳಗೆ ರಕ್ತ ಬೀಳಬಾರದು ಎಂಬುದು ಅವಳ ಮನೆತನದ ನೇಮ. ಉಣ್ಣೆಯ ಹೊಟ್ಟೆಯಲ್ಲಿರುವುದೂ ಕುರಿಯ ರಕ್ತವೇ ತಾನೇ? ಅದಕ್ಕೇ ಕಿತ್ತ ಉಣ್ಣೆಯನ್ನು ಕೊಲ್ಲದೆ ತೆಂಗಿನ ಚಿಪ್ಪಿಗೆ ಹಾಕಿಕೊಂಡು, ರೊಪ್ಪದ ಹೊರಗೆ ಒಯ್ದು ಸುರಿದು ಬರುತ್ತಿದ್ದರು.

ಹಟ್ಟಿಯಲ್ಲಿ ಇದರಿಂದ ಏನೂ ತೊಂದರೆಯಾದದ್ದಿಲ್ಲ. ಅಲ್ಲಿ ಸುರಿಯುತ್ತಿದ್ದುದು ಬಿಸಿಲಿಗೆ ಕಾದ ಬಂಡೆಗಲ್ಲಿನ ಮೇಲೆ. ಚಿಪ್ಪು ಬೋರಲಾಗುವುದನ್ನೇ ಕಾಯುತ್ತಿದ್ದ ಕೋಳಿಗಳು ಒಂದನ್ನೂ ಬಿಡದೆ ಹೆಕ್ಕಿ ನುಂಗುತ್ತಿದ್ದವು. ಈ ತೋಟದಲ್ಲಿ ಬಂಡೆಯೂ ಇಲ್ಲ, ಕೋಳಿಯೂ ಇಲ್ಲ. ಪಂಪ್‌ಹೌಸಿನ ಹಿಂದೆ ಕಾಯಿ ಸುಲಿದ ಮಟ್ಟೆಯ ಗುಡ್ಡೆಯೊಂದಿತ್ತು. ತಂಪು, ನೆರಳು, ಒಳಗೆ ಸದಾ ಪಸೆ. ಚಿಪ್ಪಿನಲ್ಲಿದ್ದದ್ದು ಹೋಗುತ್ತಿದ್ದುದು ಅಲ್ಲಿಗೆ. ಇದು ಸರಿಯೋ ತಪ್ಪೋ ಎಂದು ಅತ್ತೆಗೂ ಹೊಳೆಯಲಿಲ್ಲ, ಸೊಸೆಗೂ ಹೊಳೆಯಲಿಲ್ಲ. ಹೊರಗೆ ಹಾಕಬೇಕು ಎಂದಿತ್ತು, ಹಾಕಿದರು.

ಆ ಮಟ್ಟೆಗುಡ್ಡೆಯೇ ಇಂಚರಳ ಸಿಂಹಾಸನ. ಇಂಚರ ದಯಾನಂದನ ಮಗಳು, ಎರಡನೇ ಕ್ಲಾಸು. ಸ್ಕೂಲ್ ವ್ಯಾನು ಇಳಿಸುತ್ತಿದ್ದ ಹಾಗೆ ಬ್ಯಾಗು ಜಗಲಿಗೆ ಎಸೆದು ಓಡಿ ಬಂದು ಗುಡ್ಡೆಯ ತುದಿಗೆ ಏರಿ ಕೂತುಬಿಡುತ್ತಿದ್ದಳು. ಕೋಮಲಾ ಅವಳ ಬಾಯಲ್ಲಿ 'ಕುರಿ ಅತ್ತೆ'.

"ಕುರಿ ಅತ್ತೆ, ಇವತ್ತು ಎಷ್ಟು ಉಣ್ಣೆ ಕಿತ್ತೆ?"

"ನೀನು ಸ್ಕೂಲಲ್ಲಿ ಕಲ್ತಿದ್ದು ಎಣಿಸಕ್ಕೆ ಸಾಲಲ್ಲ ಬುಡವ್ವ."

"ನಂಗೆ ಸಾವಿರದಗಂಟ ಬತ್ತದೆ!"

"ಹಂಗಾರೆ ಇಳಿದು ಬಾ, ಈ ಟಗರಿನ ಕಿವೀಲಿ ಒಂದೈತೆ. ಅಲ್ಲಿಂದ ಶುರು ಹಚ್ಕೋ."

ಹಾಗೇ ಒಂದು ಸಂಜೆ ಹುಡುಗಿ ಕತ್ತಿನ ಹಿಂದೆ ಕೆರೆದುಕೊಳ್ಳುತ್ತಾ ಬಂದು ಬೆನ್ನು ತಿರುಗಿಸಿ ಕೂತಿತು. "ಇಲ್ಲಿ ನೋಡತ್ತೆ, ಏನೋ ಅಂಟ್ಕೊಂಡೈತೆ." ಕೋಮಲಾ ಜಡೆ ಎತ್ತಿ ನೋಡಿದಳು. ಕೂದಲು ಶುರುವಾಗುವ ಅಂಚಿನಲ್ಲಿ ಒಂದು ಉಣ್ಣೆ ತಲೆ ಹುಗಿದುಕೊಂಡು ಕೂತಿತ್ತು. ಉಗುರಿನಲ್ಲಿ ಹಿಡಿದು ಕಿತ್ತಳು. ಅತ್ತೆಯ ಎಲೆಅಡಿಕೆ ಚೀಲದಿಂದ ಒಂದಿಷ್ಟು ಸುಣ್ಣ ತಂದು ಆ ಜಾಗಕ್ಕೆ ಸವರಿದಳು. ಕುರಿ ಕಾಯುವವರಿಗೆ ಉಣ್ಣೆ ಕಚ್ಚುವುದು ಒಂದು ಸುದ್ದಿಯೇ? ಆದರೂ ಆ ಹೊತ್ತಿನಲ್ಲಿ ಅವಳ ತಲೆಯಲ್ಲಿ ಓಡಿದ್ದು ಗೇಟಿನ ಹತ್ತಿರದ ಆ ಮಾತು, 'ಮುಂದೆ ನೋಡಾನ'.

"ಅಮ್ಮಂಗೆ ಹೇಳ್ಬ್ಯಾಡ ಕಣವ್ವ. ಬೈತಾರೆ," ಎಂದಳು.

"ನಂಗಾ, ನಿಂಗಾ?"

"ಇಬ್ರಿಗೂವೆ."

ಹುಡುಗಿ ಕಿಸಕ್ಕನೆ ನಕ್ಕು ಮತ್ತೆ ಗುಡ್ಡೆ ಹತ್ತಿತು.

ಒಂದು ವಾರ ಕಳೆದಿರಬೇಕು. ಗುಡ್ಡೆಯ ಮೇಲೆ ಹುಡುಗಿ ಕಾಣಲಿಲ್ಲ. ಮಾರನೆಯ ದಿನವೂ ಇಲ್ಲ. ಬ್ಯಾಗಿಲ್ಲ, ಕೇಕೆಯಿಲ್ಲ. ಜ್ವರ ಅಂತೆ ಎಂದು ತಿಳಿಯಿತು. ಬಿಸಿಲಿನ ಜ್ವರ ಎಂದು ಔಷಧಿ ಅಂಗಡಿಯ ಮಾತ್ರೆ ನುಂಗಿಸಿದರು, ಇಳಿದಂತೆ ಮಾಡಿ ಮತ್ತೆ ಏರಿತು. ಆಮೇಲೊಂದು ಬೆಳಿಗ್ಗೆ ದಯಾನಂದ್ ಮಗುವನ್ನು ಹೊದಿಕೆಯಲ್ಲಿ ಸುತ್ತಿ, ಹೆಂಡತಿ ಧನ್ಯಶ್ರೀಯ ಮಡಿಲಿಗೆ ಹಾಕಿ, ಪಕ್ಕದ ಮನೆಯ ಕಾರಿನಲ್ಲಿ ತಿಪಟೂರಿಗೆ ಕರೆದುಕೊಂಡು ಹೋದ. ಅಲ್ಲಿ ಅಡ್ಮಿಟ್ ಮಾಡಿಕೊಂಡರು.

ದಯಾನಂದನ ತಾಯಿ ರಂಗಮ್ಮ ಕೈತುಂಬ ಬೇವಿನಸೊಪ್ಪು ಹಿಡಿದುಕೊಂಡು ಪಂಪ್‌ಹೌಸಿನ ಹತ್ತಿರ ಬಂದಾಗ ಕೋಮಲಾ ಬಿಂದಿಗೆ ತುಂಬಿಸುತ್ತಿದ್ದಳು. ಕಾಟಮ್ಮ ಪಕ್ಕದಲ್ಲೇ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು.

"ಹೆಂಗೈತೆ ರಂಗಮ್ಮ, ಮಗಾ?" ಎಂದು ಕಾಟಮ್ಮ ಕೇಳಿದಳು.

"ಏನಂತ ಹೇಳ್ಲಿ ಕಾಟಮ್ಮ. ಮೈಮೇಲೆಲ್ಲ ಕೆಂಪ್ಗೆ ಎದ್ದವೆ. ನಾನು ಅಮ್ಮ ಬಂದವ್ಳೆ, ಬೇವಿನಸೊಪ್ಪಿನಾಗೆ ಮಲಗ್ಸಿ ಅಂದೆ. ನನ್ ಮಾತು ಯಾರು ಕೇಳ್ತಾರೆ? ಡೆಂಗ್ಯೂ ಅಂತ ನೋಡಿದ್ರಂತೆ, ಅಲ್ಲ. ಟೈಫಾಯ್ಡ್ ನೋಡಿದ್ರಂತೆ, ಅದೂ ಅಲ್ಲ. ಅಂಗೈ ಅಂಗಾಲ್ಗೂ ಬಿದ್ದವಂತೆ ಗುಳ್ಳೆ."

"ಅಂಗಾಲ್ಗೂವೆ?"

"ಹೂಂ ಕಣೆ. ಡಾಕ್ಟ್ರಮ್ಮ ಏನಾರ ಹುಳಹುಪ್ಪಟೆ ಕಚ್ಚಿತ್ತಾ ಅಂತ ಕೇಳಿದ್ರಂತೆ. ನಮ್ ದಯ, ಏನೂ ಇಲ್ಲ ಮೇಡಂ, ತೋಟದ ಮಗೀಗೆ ಸೊಳ್ಳೆ ಬುಟ್ರೆ ಇನ್ನೇನು ಕಚ್ಚಾತು ಅಂದ್ನಂತೆ. ಪಾಪ, ಅಮ್ಮ ಬಂದಿರೋದು ಅವ್ನಿಗೇನ್ ಗೊತ್ತು. ಮಗ ಮಾತೇ ಆಡ್ತಿಲ್ವಂತೆ, ಕಣ್ಣೇ ಬುಡ್ತಿಲ್ವಂತೆ."

ಬಿಂದಿಗೆ ತುಂಬಿ ನೀರು ಚೆಲ್ಲಿ ಕೋಮಲಾಳ ಕಾಲು ನೆನೆಯಿತು. ಅವಳು ನಲ್ಲಿ ನಿಲ್ಲಿಸಲಿಲ್ಲ.

ರಂಗಮ್ಮ ಆ ಕಡೆ ಹೋಗುತ್ತಿದ್ದ ಹಾಗೆ ಕೋಮಲಾ ರೊಪ್ಪಕ್ಕೆ ಬಂದು ಗಂಡನ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು. ಓಬಳೇಶ ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದ. ತಲೆಯೆತ್ತದೆ ಕೇಳಿಸಿಕೊಂಡ.

"ಉಣ್ಣೆ ಕಚ್ಚಿದ್ರೆ ಜ್ವರ ಬತ್ತದಾ? ನಂಗೆ ಎಷ್ಟು ಕಚ್ಚಿಲ್ಲ, ನಿಂಗೆ ಎಷ್ಟು ಕಚ್ಚಿಲ್ಲ? ಸತ್ವಾ?"

"ನಾವು ಸತ್ತಿಲ್ಲ. ಆ ಮಗ ಕಣ್ಣು ಬುಡ್ತಿಲ್ಲ."

"ಅದುಕ್ಕೂ ಇದುಕ್ಕೂ ಏನೇ ಸಮ್ಮಂದ?"

"ನಂಗೇನ್ ಗೊತ್ತು? ಡಾಕ್ಟ್ರಮ್ಮ ಕೇಳಿದ್ರಂತೆ. ಸುಮ್ ಸುಮ್ನೆ ಕೇಳ್ತಾರಾ? ಕೇಳಿದ್ದುಕ್ಕೆ ಇಲ್ಲ ಅಂದವ್ರೆ. ಹೌದು ಅನ್ನೋದು ನಂಗೊಬ್ಳಿಗೇ ಗೊತ್ತಿರೋದು."

ಓಬಳೇಶ ಬಲೆ ಕೆಳಗಿಟ್ಟ. "ಲೇ ಕೋಮ್ಲಿ, ಕಿವಿಗೊಟ್ಟು ಕೇಳು. ಈ ಮಾತು ನೀನು ಆಡಿದ ತಕ್ಷಣಕ್ಕೆ ನಮ್ ಗಂಟುಮೂಟೆ ಗೇಟಿಂದ ಆಚೆ. ಅವ್ನು ಇಂಥದ್ದೇ ಕಾಯ್ತಾವ್ನೆ. ಕುರಿ ಮಾರಿ ನಾನು ಯಾವ ಫ್ಯಾಕ್ಟ್ರಿ ಗೇಟು ಕಾಯ್ಲಿ? ನಮಗೂ ಎರಡು ಮಕ್ಳವೆ ಅಂತ ನೆಪ್ಪೈತಾ?"

"ನೆಪ್ಪಿರೋದ್ಕೇ ಹೊಂಟಿರೋದು," ಎಂದಳು ಕೋಮಲಾ.

ಕಾಟಮ್ಮ ಇದೆಲ್ಲ ಕೇಳಿಸಿಕೊಂಡು ಕೂತಿದ್ದಳು. ಮಗನ ಪರ ಮಾತಾಡುತ್ತಾಳೆ ಎಂದು ಕೋಮಲಾ ಕಾದಳು. ಮುದುಕಿ ಸೊಂಟದ ಗಂಟು ಬಿಚ್ಚಿ, ಮಡಿಸಿದ ಒಂದು ನೋಟು ತೆಗೆದು ಸೊಸೆಯ ಮುಂದೆ ಹಿಡಿದಳು. "ಬಸ್ಸಿಗೆ ಇಟ್ಕೋ. ಆಧಾರ್ ಕಾರ್ಡ್ ತಗಂಡೋಗು, ಫ್ರೀ ಬಸ್ಸು ಹೋದ್ರೆ ಪ್ರೈವೇಟಾಗೆ ಹತ್ತು," ಅಷ್ಟೇ ಹೇಳಿದಳು.

ರಂಗಮ್ಮ ಆಸ್ಪತ್ರೆಗೆ ಊಟದ ಕ್ಯಾರಿಯರ್ ಒಯ್ಯಲು ಬಸ್ಸಿಗೆ ಕಾಯುತ್ತಿದ್ದಳು. ಕೋಮಲಾ ಪಕ್ಕದಲ್ಲಿ ಬಂದು ನಿಂತಿದ್ದನ್ನು ನೋಡಿ, "ನೀನ್ಯಾಕವ್ವ, ಕುರಿ ಬುಟ್ಟು?" ಎಂದಳು. ಮಗುವನ್ನು ನೋಡಬೇಕು ಎಂದಳು ಕೋಮಲಾ. ಬಸ್ಸಿನಲ್ಲಿ ರಂಗಮ್ಮ ಪೂರ್ತಿ ದಾರಿ ಮೊಮ್ಮಗಳ ಬಗ್ಗೆ ಮಾತಾಡುತ್ತಲೇ ಇದ್ದಳು. ಹೋಳಿಗೆ ಎಂದರೆ ಪ್ರಾಣ, ತುಪ್ಪ ಬೇಡ, ಹಾಲು ಬೇಕು, ಹಾಲಿಗೆ ಸಕ್ಕರೆ ಬೇಕು. ಮಧ್ಯೆ ಎರಡು ಸಲ ಕೋಮಲಾ ಬಾಯಿ ತೆರೆದಳು. ಪ್ರತಿ ಸಲವೂ ರಂಗಮ್ಮ ಇನ್ನೊಂದು ನೆನಪು ತೆಗೆದಳು. ಕೋಮಲಾ ಕಿಟಕಿಯ ಹೊರಗೆ ಓಡುವ ತೋಟಗಳನ್ನು ನೋಡಿದಳು. ತಂತಿಬೇಲಿ, ತಂತಿಬೇಲಿ, ಒಂದು ಗೇಟು, ಮತ್ತೆ ತಂತಿಬೇಲಿ.

ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ಮಹಡಿಯ ಮೇಲಿತ್ತು. ದಯಾನಂದ್ ಗಡ್ಡ ಬಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದ. ಧನ್ಯಶ್ರೀ ಮಂಚದ ಅಂಚಿನಲ್ಲಿ ಕೂತು ಮಗುವಿನ ಅಂಗಾಲು ಉಜ್ಜುತ್ತಿದ್ದಳು. ಇಂಚರಳ ತುಟಿ ಒಣಗಿತ್ತು. ಕೆಂಪು ಚುಕ್ಕೆಗಳು ಮಣಿಕಟ್ಟಿನಿಂದ ಅಂಗೈಗೆ ಇಳಿದಿದ್ದವು. ಅದೇ ಹೊತ್ತಿಗೆ ಡಾಕ್ಟರಮ್ಮ ಬಂದರು. ವಯಸ್ಸು ಹೆಚ್ಚಿಲ್ಲ, ಬೆಳಗಿನಿಂದ ಕೂತ ಹಾಗಿಲ್ಲ, ಚೀಟಿ ನೋಡುತ್ತಲೇ ನಿಂತಲ್ಲೇ ಕಾಲು ಬದಲಿಸುತ್ತಿದ್ದರು.

ಕೋಮಲಾ ಮುಂದೆ ಬಂದಳು. ಹೇಗೆ ಶುರುಮಾಡುವುದು ಎಂದು ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಮೇಡಂ, ಇವ್ಳಿಗೆ ಉಣ್ಣೆ ಕಚ್ಚಿತ್ತು."

ಡಾಕ್ಟರಮ್ಮ ಚೀಟಿಯಿಂದ ತಲೆ ಎತ್ತಿದರು. "ಯಾವಾಗ?"

"ಜ್ವರ ಬರಕ್ಕೆ ಒಂದು ವಾರ ಮುಂಚೆ. ಕತ್ತಿನ ಹಿಂದೆ. ನಾನೇ ಕಿತ್ತೆ. ಯಾರ್ಗೂ ಹೇಳ್ಲಿಲ್ಲ. ಅವ್ರಮ್ಮಂಗೂ ಹೇಳ್ಬ್ಯಾಡ ಅಂತ ಮಗೀಗೆ ಹೇಳಿದ್ದೆ."

ಡಾಕ್ಟರಮ್ಮ ಮಗುವನ್ನು ಮಗ್ಗುಲಿಗೆ ತಿರುಗಿಸಿ ಜಡೆ ಎತ್ತಿದರು. ಕೂದಲಿನ ಅಂಚಿನಲ್ಲಿ, ಬಾಚಣಿಗೆ ತಾಗಿದರೂ ಕಣ್ಣಿಗೆ ಬೀಳದ ಜಾಗದಲ್ಲಿ, ಬೀಡಿಯ ಬೆಂಕಿ ತಾಗಿದಂಥ ಒಂದು ಕಪ್ಪು ಹಕ್ಕಳೆ ಇತ್ತು. ಸುತ್ತ ತೆಳ್ಳಗೆ ಕೆಂಪು. ಕತ್ತಿನಲ್ಲಿ ಗಂಟು ಊದಿತ್ತು. ಡಾಕ್ಟರಮ್ಮ ಅದರ ಮೇಲೆ ಮೆಲ್ಲಗೆ ಬೆರಳಿಟ್ಟರು. ಆಮೇಲೆ ನರ್ಸನ್ನು ಕರೆದು ಒಂದು ಔಷಧಿಯ ಹೆಸರು ಹೇಳಿ, "ಈಗಲೇ," ಎಂದರು.

ದಯಾನಂದನ ಕೈ ಅಷ್ಟರಲ್ಲಾಗಲೇ ಫೋನಿನ ಮೇಲೆ ಓಡುತ್ತಿತ್ತು. "ಮೇಡಂ, ಉಣ್ಣೆ ಕಚ್ಚಿದ್ರೆ ಲೈಮ್ ಅಂತ ಕಾಯಿಲೆ ಬತ್ತದಂತಲ್ಲ? ನರ, ಮಂಡಿ, ಹೃದಯ ಎಲ್ಲಾ ಹಿಡ್ಕಂತದಂತೆ. ಇಲ್ಲ ಮಂಗನ ಕಾಯಿಲೆನಾ?"

"ಫೋನ್ ಒಳಗಿಡಿ ಸ್ವಲ್ಪ," ಎಂದರು ಡಾಕ್ಟರಮ್ಮ, ಸಿಟ್ಟಿಲ್ಲದೆ. "ಮಂಗನ ಕಾಯಿಲೆ ಮಲೆನಾಡಿನ ಕಾಡಿನದು. ಲೈಮ್ ಕೂಡ ಉಣ್ಣೆಯಿಂದಲೇ ಬರೋದು, ಆದರೆ ಅದು ಹೆಚ್ಚಾಗಿ ಚಳಿ ದೇಶಗಳಲ್ಲಿ. ಅದನ್ನ ತರೋ ಉಣ್ಣೆ ಜಾತಿನೇ ಬೇರೆ. ನಮ್ಮ ಕಡೆ ತೀರಾ ಅಪರೂಪ. ಅದರಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪು ಬಳೆ ಥರ ಹರಡಿಕೊಂಡು ಹೋಗುತ್ತೆ. ಇಲ್ಲಿ ನೋಡಿ, ಬಳೆ ಇಲ್ಲ. ಕಪ್ಪು ಹಕ್ಕಳೆ ಇದೆ, ಅಂಗೈಯಲ್ಲಿ ಕೆಂಪು ಚುಕ್ಕೆ ಇದೆ. ನಮ್ಮ ಕಡೆ ಉಣ್ಣೆ ಕಚ್ಚಿ ಹೀಗಾದರೆ ನಾವು ಮೊದಲು ಅನುಮಾನ ಪಡೋದು ಟಿಕ್ ಟೈಫಸ್ ಅಂತ ಇನ್ನೊಂದು ಜ್ವರ. ರಕ್ತ ಟೆಸ್ಟಿಗೆ ಕಳಿಸ್ತೀನಿ, ಆದರೆ ರಿಪೋರ್ಟಿಗೆ ಕಾಯಲ್ಲ. ಇದಕ್ಕೆ ಒಳ್ಳೆ ಔಷಧಿ ಇದೆ. ತಡ ಆದರೆ ಮಾತ್ರ ಕಷ್ಟ."

"ತಡ ಆಗೈತಾ?" ಧನ್ಯಶ್ರೀ ಕೇಳಿದಳು.

"ಇನ್ನೂ ಎರಡು ದಿನ ಬಿಟ್ಟು ಗೊತ್ತಾಗಿದ್ದರೆ ನಾನು ಹೀಗೆ ನಿಂತು ಮಾತಾಡ್ತಿರಲಿಲ್ಲ. ಈಗ ನಂಬಿಕೆ ಇದೆ." ಅವರು ಕೋಮಲಾಳ ಕಡೆ ತಿರುಗಿದರು. "ಸುಣ್ಣ, ಸೀಮೆಎಣ್ಣೆ, ಬೀಡಿ ಬೆಂಕಿ ಏನೂ ಬೇಡ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೀಬೇಕು, ಹಿಸುಕಬಾರದು. ಆಮೇಲೆ ಸೋಪು ಹಾಕಿ ತೊಳೀರಿ. ಎಲ್ಲಾ ಉಣ್ಣೆನೂ ಕಾಯಿಲೆ ತರಲ್ಲ. ಆದರೆ ಕಚ್ಚಿದ ಮೇಲೆ ಹದಿನೈದು ದಿನದೊಳಗೆ ಜ್ವರ ಬಂದರೆ, ಕಚ್ಚಿತ್ತು ಅಂತ ಹೇಳಿ. ಹೇಳಿದರೆ ಅರ್ಧ ಕೆಲಸ ಆದ ಹಾಗೆ. ಈಗ ಮಾಡಿದಿರಲ್ಲ, ಹಾಗೆ."

ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋದರು. ದಯಾನಂದ್ ಕೋಮಲಾಳನ್ನು ವೆರಾಂಡಕ್ಕೆ ಕರೆದ. ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಆ ಉಣ್ಣೆ ಎಲ್ಲಿಂದ ಬಂತು?"

"ಮಟ್ಟೆಗುಡ್ಡೆಯಿಂದ ಇರ್ಬೇಕಣ್ಣ. ಕುರಿ ಮೈಯಿಂದ ಕಿತ್ತಿದ್ದನ್ನ ನಾವು ಅಲ್ಲಿಗೇ ಸುರೀತಿದ್ದೋ."

"ಸಾಯ್ಸದೆ?"

"ಸಾಯ್ಸದೆ."

"ನಮ್ಮಪ್ಪ ಮಾತು ಕೊಟ್ಟಿದ್ದ ಅಂತ ಗೇಟು ತೆಗೆದೆ. ನೀವು ನನ್ ಮಗಳು ಕೂರೋ ಜಾಗಕ್ಕೇ ತಂದು ಸುರಿದ್ರಿ. ನಾಳೆ ಬೆಳಿಗ್ಗೆ ನನ್ ತೋಟ ಖಾಲಿ ಇರ್ಬೇಕು."

"ಆಯ್ತಣ್ಣ. ಮಗ ಉಸಾರಾಗ್ಲಿ," ಎಂದಳು ಕೋಮಲಾ. ಒಳಗೊಮ್ಮೆ ಇಣುಕಿ ನೋಡಿ ಮೆಟ್ಟಿಲು ಇಳಿದಳು.

ಬೆಳಿಗ್ಗೆ ಬಲೆ ಸುತ್ತಿದರು, ಕಂಬಳಿ ಮಡಿಸಿದರು, ಪಾತ್ರೆಪಗಡಿ ಲಗೇಜ್ ಆಟೋಗೆ ಹೇರಿದರು. ಓಬಳೇಶ ಬೈಯಲಿಲ್ಲ. ಕಟ್ಟಿದ ಗಂಟನ್ನೇ ಇನ್ನೊಮ್ಮೆ ಬಿಗಿದ. ಮಂದೆ ಗೇಟು ದಾಟಿ ಹೊರಬಿತ್ತು. ಹಟ್ಟಿಯ ದಾರಿ ಹಿಡಿಯಬೇಕಾದಲ್ಲಿ ಕೋಮಲಾ ನಿಂತುಬಿಟ್ಟಳು.

"ಕೆರೆಯಂಗಳದಾಗೆ ಇರಾನ. ಮಗ ಕಣ್ಣು ಬುಟ್ಟಿದ್ದು ತಿಳೀದೆ ನಾನು ಬರಕಿಲ್ಲ."

"ತಿಳಿದು ಏನ್ ಮಾಡ್ತೀಯೇ? ಇನ್ನೂ ಆ ತೋಟದ ಆಸೆನಾ?"

"ತೋಟ ಹೋಯ್ತು ಬುಡು. ಮಗೀಂದು ಕೇಳ್ತಿರೋದು."

ಒಣಗಿದ ಕೆರೆಯಂಗಳದಲ್ಲಿ ಜಾಲಿ ಗಿಡದ ನೆರಳು ಹುಡುಕಿಕೊಂಡು ಮಂದೆ ನಿಂತಿತು. ಮಾರನೆಯ ದಿನ ವಾಸನೆ ಹಿಡಿದು ಬಂದವನಂತೆ ಕುರಿ ವ್ಯಾಪಾರಿಯೊಬ್ಬ ಬೈಕಿನಲ್ಲಿ ಬಂದ. ಕುರಿಗಳ ಬೆನ್ನು ಒತ್ತಿ ನೋಡಿದ, ಹಲ್ಲು ನೋಡಿದ. "ಎಲ್ಲಾನೂ ಒಟ್ಟಿಗೆ ಕೊಟ್ರೆ ನಾಳೆನೇ ಗಾಡಿ ತತ್ತೀನಿ ಯಜಮಾನ್ರೇ," ಎಂದ. ಓಬಳೇಶ, ಬೆಳಿಗ್ಗೆ ಫೋನ್ ಮಾಡ್ತೀನಿ ಎಂದು ಅವನ ನಂಬರ್ ಇಸಿದುಕೊಂಡ. ಕೋಮಲಾ ಅತ್ತ ತಿರುಗಿ ಮರಿಯೊಂದನ್ನು ತಾಯಿಯ ಕೆಚ್ಚಲಿಗೆ ಹಿಡಿದು ಕೂತಳು. ತನ್ನ ಮಕ್ಕಳಿಗೆ ಏನು ಹೇಳುವುದು ಎಂದು ಯೋಚಿಸಿದಳು. ಬಾಯಿ ಮುಚ್ಚಿಕೊಂಡಿದ್ದಿದ್ದರೆ ಕುರಿ ಉಳಿಯುತ್ತಿತ್ತು ಎಂದು ಮಕ್ಕಳಿಗೆ ಹೇಳಲಾಗುತ್ತದೆಯೇ? ಹೇಳಬಹುದು, ಎಂದಾದರೂ ಒಂದು ದಿನ, ಅವು ದೊಡ್ಡವಾದ ಮೇಲೆ.

ಮೂರನೆಯ ಬೆಳಿಗ್ಗೆ ಕೆರೆ ಏರಿಯ ಮೇಲೆ ಸ್ಕೂಟಿ ಕಂಡಿತು. ಧನ್ಯಶ್ರೀ ಓಡಿಸುತ್ತಿದ್ದಳು. ಹಿಂದೆ ಎರಡು ಕೈಯಲ್ಲೂ ಸೀಟು ಗಟ್ಟಿಯಾಗಿ ಹಿಡಿದುಕೊಂಡು ದಯಾನಂದ್.

ಧನ್ಯಶ್ರೀ ಸ್ಟ್ಯಾಂಡ್ ಹಾಕುವ ಮೊದಲೇ ಕೂಗಿದಳು, "ಜ್ವರ ಬುಟ್ಟೈತೆ ಕಣೇ ಕೋಮಲಾ! ನಿನ್ನೆ ಸಾಯಂಕಾಲ ಬೆವರು ಬುಟ್ಟು ಇಳೀತು. ಬೆಳಿಗ್ಗೆ ಎದ್ದು ಹೋಳಿಗೆ ಕೇಳ್ತಾವ್ಳೆ, ಆಸ್ಪತ್ರೇಲಿ ಹೋಳಿಗೆ!"

ಕೋಮಲಾ ಕೂತಲ್ಲೇ ಮುಖಕ್ಕೆ ಸೆರಗು ಹಚ್ಚಿಕೊಂಡಳು. ಕಾಟಮ್ಮ ಗಟ್ಟಿಯಾಗಿ ಮೂಗು ಸೀಟಿದಳು.

ದಯಾನಂದ್ ಇಳಿದು ಬಂದು ಕುರಿಗಳನ್ನು ನೋಡುತ್ತಾ ನಿಂತ, ಮನುಷ್ಯರ ಮುಖ ನೋಡುವುದು ತಪ್ಪಲಿ ಎನ್ನುವಂತೆ. ಹೆಂಡತಿ ಅವನ ಪಕ್ಕೆಗೆ ತಿವಿದಳು. "ಹೇಳು. ದಾರೀಲೆಲ್ಲ ನಂಗೆ ಹೇಳಿದ್ದು ಇಲ್ಲಿ ಹೇಳು."

"ಏನ್ ಹೇಳಾದು."

"ಹಂಗಾರೆ ನಾನೇ ಹೇಳ್ತೀನಿ. ಕುರಿ ಹೋದ್ರೆ ಉಣ್ಣೆ ಹೋಯ್ತದಾ? ನಮ್ ಹಸೀನ ಮೈಮೇಲಿಲ್ವಾ, ನಾಯಿ ಕಿವೀಲಿಲ್ವಾ? ಅವನ್ನೆಲ್ಲ ಯಾವ ಕೆರೆಗೆ ಹೊಡೀತೀಯ ಅಂತ ಕೇಳ್ದೆ. ಬಾಯಿ ಮುಚ್ಕಂಡು ಸುಮ್ನಿದ್ದಿದ್ರೆ ಇವ್ಳಿಗೇನಾಗ್ತಿತ್ತು? ಏನೂ ಆಗ್ತಿರ್ಲಿಲ್ಲ. ನಮಗೆ ಆಗ್ತಿತ್ತು. ಹೇಳಿದ್ದಕ್ಕೇ ಆಚೆ ಅಟ್ಟಿದ್ರೆ ಇನ್ನು ಮುಂದೆ ನಮ್ಗೆ ಯಾರು ಏನ್ ಹೇಳ್ತಾರೆ?"

"ಆಯ್ತು ಬುಡೇ, ಊರಿಗೆಲ್ಲ ಕೇಳ್ಸೋ ಹಂಗೆ ಕೂಗ್ಬ್ಯಾಡ," ಎಂದ ದಯಾನಂದ್. ಆಮೇಲೆ ಓಬಳೇಶನ ಕಡೆ ತಿರುಗಿದ. "ಆ ಮಟ್ಟೆ ಅಲ್ಲಿ ಗುಡ್ಡೆ ಹಾಕಿದ್ದು ನಾನೇ ಕಣ್ಲಾ. ಎರಡು ವರ್ಷದಿಂದ ಎತ್ತಿಸ್ತೀನಿ ಎತ್ತಿಸ್ತೀನಿ ಅಂತ ಬುಟ್ಟಿದ್ದೆ. ಟ್ರ್ಯಾಕ್ಟ್ರಿಗೆ ಹೇಳಿದೀನಿ, ಎತ್ತಿ ಬಿಸಿಲಿಗೆ ಹರಡಿಸ್ತೀನಿ. ನೀನು ರೊಪ್ಪಾನ ತೋಟದಾಗೇ ಮೇಲಿನ ಬಯಲು ಕಡೆ ಹಾಕು. ಅದುಕ್ಕೂ ಮುಂಚೆ ಪಶು ಡಾಕ್ಟ್ರನ್ನ ಕರ್ಸಿ ಕುರಿಗೆಲ್ಲ ಉಣ್ಣೆ ಔಷ್ದಿ ಹಾಕ್ಸು. ನಮ್ ಹಸ, ನಾಯಿಗೂವೆ ಜೊತೇಲೇ ಆಗೋಗ್ಲಿ. ಮಗ ಮನೆಗೆ ಬಂದ್ಮೇಲೆ ದಿನಾ ಸಾಯಂಕಾಲ ತಲೆ, ಕತ್ತು, ಕಂಕುಳು ನೋಡ್ತೀವಿ. ನೀವೂ ನೋಡ್ಕಳಿ."

ಓಬಳೇಶ ಬಾಯಿಬಿಡುವ ಮೊದಲೇ ದಯಾನಂದ್ ಕಾಟಮ್ಮನ ಮುಂದೆ ನಿಂತ. "ಇನ್ಮೇಲೆ ಕಿತ್ತ ಉಣ್ಣೆ ಒಂದೂ ಜೀವ ಇರ್ಬಾರ್ದು ಕಣವ್ವ. ನಿನ್ನ ನೇಮ ಏನಾದ್ರೂ ಆಗ್ಲಿ."

ಕಾಟಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿದಳು. "ರೊಪ್ಪದಾಗೆ ರಕ್ತ ಬೀಳಬಾರ್ದು ಅಂದಿದ್ದೆ ಕಣಪ್ಪ. ಸೋಪಿನ ನೀರು ತುಂಬಿದ ಡಬ್ಬದಾಗೆ ಮುಳುಗಿ ಸಾಯ್ಬಾರ್ದು ಅಂದಿದ್ನಾ? ಡಬ್ಬ ರೊಪ್ಪದಿಂದ ಆಚೆ ಇಟ್ರಾಯ್ತು. ನನ್ನ ಕೇಳಿದ್ರೆ ತಾನೇ ಯಾರಾದ್ರೂ!"

ಓಬಳೇಶ ನಕ್ಕುಬಿಟ್ಟ. ನಗಬಾರದ ಹೊತ್ತಿನಲ್ಲಿ ನಕ್ಕವನಂತೆ ತಕ್ಷಣ ಬಾಯಿ ಒರೆಸಿಕೊಂಡ. ವ್ಯಾಪಾರಿಗೆ ಫೋನ್ ಮಾಡಿ ಗಾಡಿ ತರಬೇಡ ಎಂದ. ಆ ಕಡೆಯಿಂದ ಏನೋ ಬೈದದ್ದು ಎಲ್ಲರಿಗೂ ಕೇಳಿಸಿತು.

ಮುಂದಿನ ವರ್ಷದ ಮಾತನ್ನು ದಯಾನಂದ್ ಎತ್ತಲಿಲ್ಲ. ಕೋಮಲಾಳೂ ಕೇಳಲಿಲ್ಲ. ಎದ್ದು ಮೊದಲ ಟಗರಿನ ಬೆನ್ನು ತಟ್ಟಿ ಏರಿಯ ಕಡೆ ತಿರುಗಿಸಿದಳು. ಉಳಿದವು ಅದರ ಹಿಂದೆ ಹೊರಟವು.

ಎರಡು ರಾತ್ರಿ ಕೆರೆಯಂಗಳದಲ್ಲಿ ಮಲಗಿದ್ದನ್ನು ಬಿಟ್ಟರೆ, ಆ ವರ್ಷವೂ ಮಂದೆ ತೋಟದಲ್ಲೇ ಮಲಗಿತು. ಬೋರಯ್ಯ ಕೊಟ್ಟ ಮಾತು ಉಳಿಯಿತು.